ಕುಣಿಯುವವನು ‘ಇಲ್ಲ’ವಾದ ಬಗೆ

ತೋಕಿಯೋ ನಗರಕ್ಕೆ ದಕ್ಷಿಣದಲ್ಲಿ, ಕಡಲಿಗೂ ಗುಡ್ಡಗಳಿಗೂ ನಡುವೆ ಇಕ್ಕಟ್ಟಾಗಿ ಹರಡಿಕೊಂಡಿರುವ, ಒಂದು ಕಾಲಕ್ಕೆ ಶೋಗುನರ ಅಧಿಕಾರಪೀಠವಾಗಿದ್ದ ಕಾಮಕುರ ಪಟ್ಟಣದಲ್ಲಿ, 1282ರಲ್ಲಿ ಸ್ಥಾಪಿತವಾದ ಎಂಗಾಕುಜಿ ಎಂಬ ಝೆನ್ ವಿಹಾರವೊಂದಿದೆ. ಅಲ್ಲಿಯ ಶ್ಮಶಾನದಲ್ಲಿ, 1963ರಲ್ಲಿ ತಮ್ಮ ಅರವತ್ತನೆಯ ಜನ್ಮದಿನದಂದೇ ತೀರಿಕೊಂಡ ಚಲನಚಿತ್ರಕಾರ ಓಜು ಯಾಸುಜಿರೋ ಅವರ ಸಮಾಧಿಯ ಕಲ್ಲಿನ ಮುಖದ ಮೇಲೆ ಒಂದೇ ಒಂದು ಅಕ್ಷರವನ್ನು ಕೆತ್ತಿದೆ. ಜಪಾನೀಯರು ಅದನ್ನು ‘ಮು’ ಎಂದು ಓದುತ್ತಾರೆ. ಅದರ ಅರ್ಥ ‘ಇಲ್ಲ’. ನಾಯಿಗೂ ಬುದ್ಧಸ್ವಭಾವ ಉಂಟೆ ಎಂದು ಭಿಕ್ಷುವೊಬ್ಬನು ಕೇಳಿದಾಗ ತಾಂಗ್ ಕಾಲದ ಗುರು ಜೋಶು ಕೊಟ್ಟನೆಂಬ ಉತ್ತರ ಈ ಒಂದಕ್ಷರವೇ. ಹದಿಮೂರನೆಯ ಶತಮಾನದ ‘ಮುಮೋನ್‌ಕಾನ್’ ಎಂಬ ಸಂಕಲನದ ಮೊದಲನೆಯ ಪ್ರಸಂಗವೂ ಅದೇ. ಇಂದಿಗೂ ಝೆನ್ ಸಾಧಕರು ಕಾಲು ಮಡಿಸಿ ಕುಳಿತು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೊಂದನ್ನೇ ಮೆಲುಕುಹಾಕುತ್ತಾರೆ. ತತ್ತ್ವಭಾರದಿಂದ ಇಷ್ಟು ಬಾಗಿದ ಅಕ್ಷರ ಆ ಲಿಪಿಯಲ್ಲಿ ಮತ್ತೊಂದು ಇರುವುದು ಕಷ್ಟ.

ಆದರೆ ಈ ಅಕ್ಷರದ ಪೂರ್ವಜನ್ಮವನ್ನು ಅರಸಿಕೊಂಡು ಹೊರಟವನಿಗೆ ಅಲ್ಲಿ ಶೂನ್ಯವಾಗಲಿ ಮೌನವಾಗಲಿ ಎದುರಾಗುವುದಿಲ್ಲ. ಎರಡು ಕೈಗಳಲ್ಲೂ ಎತ್ತಿನ ಬಾಲದಂಥ, ಅಥವಾ ಗರಿಯ ಗೊಂಚಲಿನಂಥ ಏನನ್ನೋ ಇಳಿಬಿಟ್ಟುಕೊಂಡು ಕುಣಿಯುತ್ತಿರುವ ಒಬ್ಬ ಮನುಷ್ಯ ಎದುರಾಗುತ್ತಾನೆ. ಮೂರು ಸಾವಿರ ವರ್ಷಗಳ ಹಿಂದೆ ಚೀನದಲ್ಲಿ ಶಕುನ ಕೇಳಲು ಬಳಸಿದ ಎಲುಬುಗಳ ಮೇಲೆ ಈ ಚಿತ್ರವೇ ‘ಕುಣಿತ’ ಎಂಬ ಅರ್ಥದಲ್ಲಿ ಬಂದಿದೆ. ಅದೂ ಬರಗಾಲದಲ್ಲಿ ಮಳೆಯನ್ನು ಬೇಡಿ ಕುಣಿಯುತ್ತಿದ್ದ ಕುಣಿತ. ‘ಇಲ್ಲ’ ಎಂಬುದರ ಚಿತ್ರವನ್ನು ಯಾವ ಚಿತ್ರಕಾರನು ತಾನೆ ಬರೆದಾನು? ಬರೆಯಲಾಗದ ಆ ಶಬ್ದಕ್ಕೂ ಕುಣಿತದ ಶಬ್ದಕ್ಕೂ ಆ ಕಾಲದ ಚೀನೀ ನುಡಿಯಲ್ಲಿ ಉಚ್ಚಾರಣೆ ಸಮೀಪವಾಗಿದ್ದುದರಿಂದ ಲಿಪಿಕಾರರು ಕುಣಿಯುವವನನ್ನೇ ಎರವಲು ತಂದು ‘ಇಲ್ಲ’ದ ಸ್ಥಾನದಲ್ಲಿ ನಿಲ್ಲಿಸಿದರು. ಎರವಲು ತಂದವರು ಹಿಂದಿರುಗಿಸಲಿಲ್ಲ. ಕೊನೆಗೆ ಕುಣಿತಕ್ಕೇ ಬೇರೊಂದು ಅಕ್ಷರ ಬೇಕಾಗಿ, ಹಳೆಯ ಚಿತ್ರದ ಬುಡದಲ್ಲಿ ಎರಡು ಪಾದಗಳನ್ನು ಹೊಸದಾಗಿ ಸೇರಿಸಬೇಕಾಯಿತು. ಎಂಗಾಕುಜಿಯ ಕಲ್ಲಿನ ಮೇಲಿರುವವನು, ಹಾಗೆ ನೋಡಿದರೆ, ಪಾದಗಳನ್ನು ಕಳೆದುಕೊಂಡ ನರ್ತಕ.

ಇದು ಬರಿಯ ಕುತೂಹಲದ ಸಂಗತಿಯೆಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ. ಅಕ್ಷರವೊಂದರ ಅರ್ಥ ನೆಲೆಗೊಂಡಿರುವುದು ಎಲ್ಲಿ, ಅದು ಹುಟ್ಟಿದ ಜಾಗದಲ್ಲಿಯೋ ಅದು ಈಗ ವಾಸವಾಗಿರುವ ಜಾಗದಲ್ಲಿಯೋ ಎಂಬ ಪ್ರಶ್ನೆ ಇದರೊಳಗಿದೆ; ಮತ್ತು ಅದು ವೈಯಾಕರಣರಿಗೆ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲವೆಂಬುದು ಈ ಲಿಪಿಯ ಚರಿತ್ರೆಯನ್ನು ನೋಡಿದಷ್ಟೂ ಗಟ್ಟಿಯಾಗುತ್ತದೆ.

ಕಾಂಜಿ ಎಂದರೆ ‘ಹಾನ್ ಜನರ ಅಕ್ಷರ’. ಹೆಸರೇ ಒಪ್ಪಿಕೊಳ್ಳುವಂತೆ ಇವು ಜಪಾನಿಗೆ ಕಡಲು ದಾಟಿ ಬಂದವು. ಇವುಗಳ ತವರು ಚೀನದ ಹಳದಿ ನದಿಯ ಬಯಲು. ಕ್ರಿ.ಪೂ. 1200ರ ಸುಮಾರಿಗೆ, ಇಂದಿನ ಆನ್ಯಾಂಗ್ ಊರಿನ ಬಳಿ ಶಾಂಗ್ ವಂಶದ ಅರಸರು ಆಳುತ್ತಿದ್ದ ಕಾಲದಲ್ಲಿ, ಎತ್ತಿನ ಹೆಗಲೆಲುಬನ್ನೋ ಆಮೆಯ ಹೊಟ್ಟೆಚಿಪ್ಪನ್ನೋ ಹದಮಾಡಿ, ಅದರ ಹಿಂಬದಿಯಲ್ಲಿ ಸಣ್ಣ ಗುಳಿಗಳನ್ನು ಕೊರೆದು, ಅಲ್ಲಿ ಕಾವು ಕೊಟ್ಟು, ಎದುರುಬದಿಯಲ್ಲಿ ಮೂಡುವ ಬಿರುಕುಗಳಿಂದ ಪಿತೃಗಳ ಮನಸ್ಸನ್ನು ತಿಳಿಯುವ ಪದ್ಧತಿಯಿತ್ತು. ನಾಳೆ ಮಳೆ ಬರುವುದೆ, ಬೆಳೆ ಕೈಗೆ ಹತ್ತುವುದೆ, ರಾಣಿಯ ಹೆರಿಗೆ ಸುಖವಾಗುವುದೆ, ಅರಸನ ಹಲ್ಲುನೋವಿಗೆ ಗತಿಸಿದ ಯಾವ ಹಿರಿಯನ ಮುನಿಸು ಕಾರಣ, ಇಂಥ ಪ್ರಶ್ನೆಗಳನ್ನು ಆ ಎಲುಬಿನ ಮೇಲೆಯೇ ಕೆತ್ತುತ್ತಿದ್ದರು. ‘ಶಕುನ ಕೇಳು’ ಎಂಬ ಅರ್ಥದ ಅಕ್ಷರ ಇಂದಿಗೂ ಒಂದು ನೆಟ್ಟಗೆರೆ, ಅದರ ನಡುವಿನಿಂದ ಹೊರಟ ಒಂದು ಅಡ್ಡಗೆರೆ, ಇಷ್ಟೇ. ಅದು ಆ ಬಿರುಕಿನದೇ ಚಿತ್ರ, ಮತ್ತು ಅದರ ಪ್ರಾಚೀನ ಉಚ್ಚಾರಣೆ ಎಲುಬು ಸಿಡಿದಾಗಿನ ‘ಪಟ್’ ಎಂಬ ಸದ್ದಿನ ಅನುಕರಣೆಯೆಂದು ಬಲ್ಲವರು ಹೇಳುತ್ತಾರೆ. ದೇವತೆಯ ಉತ್ತರವೇ ಅಕ್ಷರವಾದುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ತಿಳಿಯದು.

ಆ ಎಲುಬುಗಳು ಮೂರು ಸಾವಿರ ವರ್ಷ ಮಣ್ಣಿನಲ್ಲಿ ಮರೆತುಹೋಗಿದ್ದುವು. ನೇಗಿಲಿಗೆ ಸಿಕ್ಕಿದ ತುಣುಕುಗಳನ್ನು ಜನರು ‘ಮಹಾಸರ್ಪದ ಎಲುಬು’ ಎಂದು ಕರೆದು, ಅರೆದು, ಔಷಧವಾಗಿ ಕುಡಿಯುತ್ತಿದ್ದರು. 1899ರಲ್ಲಿ ಬೀಜಿಂಗ್‌ನ ವಿದ್ವಾಂಸ ವಾಂಗ್ ಯಿರೊಂಗ್ ಅಂಥ ತುಣುಕುಗಳ ಮೇಲಿನ ಗೀರುಗಳು ಬರಹವೆಂದು ಗುರುತಿಸಿದನು. ಮರುವರ್ಷವೇ ಪರಕೀಯ ಸೈನ್ಯಗಳು ನಗರವನ್ನು ಹೊಕ್ಕಾಗ ಅವನು ಆತ್ಮಹತ್ಯೆ ಮಾಡಿಕೊಂಡನು. ಅವನ ಕಣ್ಣಿಗೆ ಬೀಳುವ ಮುನ್ನ ಪಿತೃಗಳಿಗೆ ಕೇಳಿದ ಎಷ್ಟು ಪ್ರಶ್ನೆಗಳು ಕಷಾಯವಾಗಿ ಯಾರ ಯಾರ ಹೊಟ್ಟೆ ಸೇರಿದುವೋ! 1928ರಿಂದ 1937ರವರೆಗೆ ಆನ್ಯಾಂಗ್‌ನಲ್ಲಿ ಕ್ರಮಬದ್ಧವಾದ ಉತ್ಖನನ ನಡೆದ ಮೇಲೆ ಮಾತ್ರ ಈ ಲಿಪಿಯ ಬಾಲ್ಯ ಲೋಕಕ್ಕೆ ಗೊತ್ತಾಯಿತು.

ಹಾಗಿದ್ದ ಮೇಲೆ, ಅದಕ್ಕೆ ಹಿಂದೆ ಎರಡು ಸಾವಿರ ವರ್ಷಗಳ ಕಾಲ ಅಕ್ಷರಗಳ ಮೂಲವನ್ನು ವಿವರಿಸಿದವರು ಯಾವ ಆಧಾರದಿಂದ ವಿವರಿಸಿದರು? ಅವರೆಲ್ಲರಿಗೂ ಪಿತಾಮಹನಾದ ಷು ಶೆನ್ ಎಂಬ ಪಂಡಿತನು ಕ್ರಿ.ಶ. 100ರಲ್ಲಿ ಮುಗಿಸಿದ ‘ಷುವೋವೆನ್ ಜಿಯೆಝಿ’ ಎಂಬ ನಿಘಂಟಿನಲ್ಲಿ 9,353 ಅಕ್ಷರಗಳನ್ನು 540 ಅಂಗಗಳ ಕೆಳಗೆ ವಿಂಗಡಿಸಿ, ಅಕ್ಷರಗಳು ಹುಟ್ಟುವ ಆರು ವಿಧಗಳನ್ನು ನಿರೂಪಿಸಿದನು. ಎಲುಬಿನ ಬರಹವನ್ನು ಅವನು ಕಂಡವನಲ್ಲ; ಆದರೂ ಅವನ ವಿಂಗಡಣೆಯ ಚೌಕಟ್ಟು ಇಂದಿಗೂ ಕುಸಿದಿಲ್ಲ. ಜನಸಾಮಾನ್ಯರು ಎಣಿಸುವಂತೆ ಕಾಂಜಿಗಳೆಲ್ಲ ಚಿತ್ರಗಳಲ್ಲ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವನ್ನೂ ಮತ್ತೊಂದು ಭಾಗ ಉಚ್ಚಾರಣೆಯ ಸುಳಿವನ್ನೂ ಕೊಡುತ್ತದೆ, ಅಷ್ಟೆ. ಉಚ್ಚಾರಣೆಗೆಂದು ಬಂದು ನಿಂತ ಭಾಗದಲ್ಲಿಯೂ ಅರ್ಥವನ್ನು ಹಿಂಡಲು ಹೊರಟಾಗಲೇ ಉಪದೇಶಕರ ಕೈಗೆ ಹಬ್ಬವಾಗುವುದು.

‘ಕೆಲಸದ ಗಡಿಬಿಡಿ’ ಎಂಬ ಅರ್ಥದ ಅಕ್ಷರದಲ್ಲಿ ಎಡಕ್ಕೆ ಹೃದಯ, ಬಲಕ್ಕೆ ನಾಶ. ಆದುದರಿಂದ ಗಡಿಬಿಡಿಯೆಂದರೆ ಹೃದಯದ ಸಾವು ಎಂದು ಜಪಾನಿನ ಎಷ್ಟೋ ಪ್ರವಚನಗಳಲ್ಲಿ ಹೇಳುತ್ತಾರೆ. ಬಲಗಡೆಯ ಭಾಗ ಅಲ್ಲಿಗೆ ಬಂದದ್ದು ಧ್ವನಿಗೋಸ್ಕರ. ‘ಮನುಷ್ಯ’ ಎಂಬ ಅಕ್ಷರ ಎರಡೇ ಗೆರೆ, ಒಂದಕ್ಕೊಂದು ಒರಗಿಕೊಂಡಿವೆ. ಒಬ್ಬರಿಗೊಬ್ಬರು ಆಸರೆಯಾಗಿ ನಿಂತರೆ ಮಾತ್ರ ಮನುಷ್ಯನೆಂದು ಶಾಲೆಯ ಉಪಾಧ್ಯಾಯರು ಮಕ್ಕಳಿಗೆ ಬೋಧಿಸುತ್ತಾರೆ. ಬೋಧನೆ ಸೊಗಸಾದುದೇ, ಆದರೆ ಎಲುಬಿನ ಮೇಲೆ ಆ ಅಕ್ಷರ ಪಕ್ಕದಿಂದ ಕಂಡ ಒಬ್ಬನೇ ಮನುಷ್ಯ, ತುಸು ಬಾಗಿ, ಕೈ ಇಳಿಬಿಟ್ಟು, ಯಾರ ಆಸರೆಯೂ ಇಲ್ಲದೆ ನಿಂತಿದ್ದಾನೆ. ‘ಬುದ್ಧ’ ಎಂಬುದಕ್ಕೆ ಚೀನೀಯರು ಹಿಡಿದ ಅಕ್ಷರದಲ್ಲಿ ಮನುಷ್ಯನ ಅಂಗದ ಜೊತೆಗೆ ‘ಅಲ್ಲ’ ಎಂಬ ಅರ್ಥದ ಭಾಗವಿರುವುದನ್ನು ಕಂಡು, ‘ಮನುಷ್ಯನಲ್ಲದವನು, ಮನುಷ್ಯತ್ವವನ್ನು ಮೀರಿದವನು’ ಎಂದು ವ್ಯಾಖ್ಯಾನ ಮಾಡಿದವರೂ ಉಂಟು. ಆ ಭಾಗವೂ ನಮ್ಮ ‘ಬುದ್ಧ’ ಶಬ್ದದ ಮೊದಲ ಅಕ್ಷರವನ್ನು ಹತ್ತಿರಹತ್ತಿರವಾಗಿ ನುಡಿಸಲು ನಿಂತದ್ದು.

ನಮ್ಮ ಶಾಸ್ತ್ರಕಾರರಿಗೆ ಈ ಬಲೆ ಚೆನ್ನಾಗಿ ಗೊತ್ತಿತ್ತು. ಅವಯವಗಳಿಂದ ಹೊರಡುವ ಅರ್ಥವನ್ನು ಅವರು ಯೋಗವೆಂದರು, ಬಳಕೆಯಿಂದ ನೆಲೆಗೊಂಡ ಅರ್ಥವನ್ನು ರೂಢಿಯೆಂದರು. ಎರಡಕ್ಕೂ ತಿಕ್ಕಾಟವಾದಾಗ ರೂಢಿಯೇ ಬಲವತ್ತರವೆಂದು ತೀರ್ಮಾನವನ್ನೂ ಕೊಟ್ಟರು. ‘ಕುಶಲ’ ಎಂದರೆ ಕುಶವನ್ನು, ಎಂದರೆ ದರ್ಭೆಯನ್ನು, ಕೈ ಕೊಯ್ದುಕೊಳ್ಳದೆ ತರಬಲ್ಲವನು ಎಂದು ಅಲಂಕಾರಶಾಸ್ತ್ರದಲ್ಲಿ ಉದಾಹರಣೆ ಕೊಡುತ್ತಾರೆ. ಆದರೆ ಬೀದಿಯಲ್ಲಿ ಸಿಕ್ಕಿದವರನ್ನು ‘ಕುಶಲವೆ?’ ಎಂದು ಕೇಳುವಾಗ ದರ್ಭೆಯ ಕಂತೆ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಎಂಗಾಕುಜಿಯ ಸಮಾಧಿಯ ಮುಂದೆ ತಲೆಬಾಗುವವರಿಗೂ ಹಾಗೆಯೇ ನರ್ತಕನು ಕಾಣಿಸುವುದಿಲ್ಲ. ಕಾಣಿಸದೆ ಇರುವುದರಿಂದ ಅವರ ಭಕ್ತಿಯಲ್ಲಿ ಕೊರತೆಯೂ ಆಗಿಲ್ಲ.

ಇಷ್ಟಕ್ಕೇ ವಿಚಾರ ಮುಗಿಯುತ್ತಿತ್ತು, ಶಿರಾಕಾವಾ ಶಿಜುಕಾ ಎಂಬ ಒಬ್ಬ ಮನುಷ್ಯ ಇಲ್ಲದೆ ಇದ್ದಿದ್ದರೆ. 1910ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ, ಕ್ಯೋಟೋದ ರಿತ್ಸುಮೇಕಾನ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಈ ವಿದ್ವಾಂಸರು, ಎಲುಬಿನ ಮತ್ತು ಕಂಚಿನ ಬರಹಗಳನ್ನು ತೆಳುಕಾಗದದ ಮೇಲೆ ತಮ್ಮ ಕೈಯಿಂದಲೇ ನಕಲು ತೆಗೆಯುತ್ತ ದಶಕಗಳನ್ನು ಕಳೆದರು. ಎಪ್ಪತ್ತು ದಾಟಿದ ಮೇಲೆ ‘ಜಿತೋ’, ‘ಜಿಕುನ್’, ‘ಜಿತ್ಸೂ’ ಎಂಬ ಮೂರು ದೊಡ್ಡ ನಿಘಂಟುಗಳನ್ನು ಒಬ್ಬರೇ ರಚಿಸಿದರು. ಅವರ ಕಾಣ್ಕೆಯ ಬೀಜ ಒಂದು ಸಣ್ಣ ಚೌಕ. ಕಾಂಜಿಗಳಲ್ಲಿ ಎಲ್ಲೆಲ್ಲೂ ಕಾಣಸಿಗುವ ಈ ಚೌಕವನ್ನು ಷು ಶೆನ್‌ನಿಂದ ಮೊದಲುಗೊಂಡು ಎಲ್ಲರೂ ‘ಬಾಯಿ’ ಎಂದು ಓದಿದ್ದರು. ಶಿರಾಕಾವಾ ಅದು ಬಹುಸಂದರ್ಭಗಳಲ್ಲಿ ಬಾಯಿಯಲ್ಲ, ದೇವತೆಗೆ ಸಲ್ಲಿಸುವ ಪ್ರಾರ್ಥನಾಪತ್ರವನ್ನು ಇಡುತ್ತಿದ್ದ ಪಾತ್ರೆ ಎಂದರು. ಅದಕ್ಕೆ ‘ಸಾಯ್’ ಎಂಬ ಹೆಸರನ್ನೂ ಇಟ್ಟರು. ಆ ಒಂದು ಬೀಗದ ಕೈ ತಿರುಗಿದೊಡನೆ ನೂರಾರು ಅಕ್ಷರಗಳ ಬಾಗಿಲು ಬೇರೆಯ ಕಡೆಗೆ ತೆರೆದುಕೊಂಡಿತು. ‘ಹೆಸರು’ ಎಂಬ ಅಕ್ಷರವನ್ನು ಷು ಶೆನ್, ಸಂಜೆಗತ್ತಲಲ್ಲಿ ಮುಖ ಕಾಣದಾಗ ಮನುಷ್ಯನು ಬಾಯಿಂದ ತನ್ನ ಹೆಸರನ್ನು ಹೇಳಿಕೊಳ್ಳುವುದೆಂದು ಬಿಡಿಸಿದ್ದನು. ಶಿರಾಕಾವಾ ಅದರಲ್ಲಿ ಸಂಜೆಯ ಬದಲು ಮಾಂಸದ ನೈವೇದ್ಯವನ್ನೂ ಬಾಯಿಯ ಬದಲು ಪ್ರಾರ್ಥನೆಯ ಪಾತ್ರೆಯನ್ನೂ ಕಂಡು, ಮಗುವನ್ನು ಪಿತೃಗಳಿಗೆ ಒಪ್ಪಿಸಿ ನಾಮಕರಣ ಮಾಡುವ ಸಂಸ್ಕಾರವನ್ನೇ ಅಲ್ಲಿ ಓದಿದರು.

ಇದಕ್ಕಿಂತಲೂ ಎದೆ ನಡುಗಿಸುವಂಥದು ‘ಮಾರ್ಗ’ ಎಂಬ ಅಕ್ಷರದ ಅವರ ವ್ಯಾಖ್ಯಾನ. ಲಾವೋತ್ಸೆಯ ‘ದಾವ್’ ಅದೇ ಅಕ್ಷರ, ಜೂದೋ, ಕೆಂದೋ, ಚಹಾದ ಸಾದೋ ಎಂದು ಜಪಾನೀಯರು ಪ್ರತಿಯೊಂದು ಸಾಧನೆಗೂ ಕೊನೆಯಲ್ಲಿ ಹಚ್ಚುವ ‘ದೋ’ವೂ ಅದೇ, ಬುದ್ಧನ ಧರ್ಮವನ್ನು ‘ಬುತ್ಸುದೋ’ ಎನ್ನುವಾಗ ಬರೆಯುವುದೂ ಅದನ್ನೇ. ಅದರಲ್ಲಿ ನಡಿಗೆಯ ಅಂಗದ ಮೇಲೆ ಒಂದು ತಲೆ ಕುಳಿತಿದೆ. ತಲೆ ಅಲ್ಲಿಗೇಕೆ ಬಂದಿತು? ಪರದೇಶದ ದುಷ್ಟಶಕ್ತಿಗಳು ಹೊಂಚುಹಾಕಿರುವ ದಾರಿಯನ್ನು ಶುದ್ಧಿಮಾಡಲು ಪರಕುಲದವನ ಕತ್ತರಿಸಿದ ರುಂಡವನ್ನು ಕೈಯಲ್ಲಿ ಹಿಡಿದು ಮುಂದೆ ನಡೆಯುತ್ತಿದ್ದರು. ಹಾಗೆ ಶುದ್ಧವಾದ ದಾರಿಯೇ ಮಾರ್ಗ ಎಂದರು ಶಿರಾಕಾವಾ. ‘ಸತ್ಯ’ ಎಂಬ ಅಕ್ಷರದಲ್ಲಿ ಅವರಿಗೆ ಕಂಡದ್ದು ದಾರಿಯಲ್ಲಿ ಅಕಾಲಮರಣಕ್ಕೆ ಗುರಿಯಾಗಿ ತಲೆಕೆಳಗಾಗಿ ಬಿದ್ದವನ ಶವ. ಶಾಂತಿಮಾಡದೆ ತಣಿಯದ ಆ ಪ್ರೇತಭಯವೇ ಜುವಾಂಗ್‌ತ್ಸೆಯಂಥ ದಾರ್ಶನಿಕನ ಕೈಯಲ್ಲಿ ಕೆಡದಿರುವ, ಬದಲಾಗದಿರುವ ತತ್ತ್ವವಾಗಿ ಮಾರ್ಪಟ್ಟಿತೆಂದು ಅವರ ಊಹೆ.

ಊಹೆ ಎಂದೇ ಹೇಳಬೇಕು. ಚೀನೀ ಧ್ವನಿಶಾಸ್ತ್ರದಲ್ಲಿ ಪ್ರಾಮಾಣ್ಯವಿದ್ದ ತೋದೋ ಆಕಿಯಾಸು ಮೊದಲಾದವರು ಇದನ್ನು ಕಟುವಾಗಿ ವಿರೋಧಿಸಿದರು. ಮಾತು ಹುಟ್ಟಿದ್ದು ಮೊದಲು, ಬರಹ ಆಮೇಲೆ. ಆದುದರಿಂದ ಮೂಲವನ್ನು ಹುಡುಕಬೇಕಾದದ್ದು ಧ್ವನಿಯ ಬಾಂಧವ್ಯದಲ್ಲಿಯೇ ಹೊರತು ಗೆರೆಯ ಆಕಾರದಲ್ಲಲ್ಲ ಎಂಬುದು ಅವರ ಪಕ್ಷ. ನ್ಯಾಯದ ತಕ್ಕಡಿಯಲ್ಲಿ ತೂಗಿದರೆ ತೋದೋ ಅವರ ಕಡೆಯೇ ತಟ್ಟೆ ಇಳಿಯುತ್ತದೆಂದು ನನಗೆ ತೋರುತ್ತದೆ. ಆದರೂ ರಾತ್ರಿ ಮಲಗುವಾಗ ನೆನಪಿಗೆ ಬರುವುದು ಶಿರಾಕಾವಾ ಅವರ ರುಂಡವೇ! ನಮ್ಮ ಯಾಸ್ಕಾಚಾರ್ಯರ ನಿರುಕ್ತದಲ್ಲಿ ಒಂದೇ ಶಬ್ದಕ್ಕೆ ಮೂರು ನಾಲ್ಕು ವ್ಯುತ್ಪತ್ತಿಗಳನ್ನು ಸಾಲಾಗಿ ಕೊಟ್ಟಿರುವುದನ್ನು ಕಂಡು ನಗುವ ಆಧುನಿಕರು ಒಂದು ಸಂಗತಿಯನ್ನು ಮರೆಯುತ್ತಾರೆ: ಪೂಜ್ಯವಾದ ಶಬ್ದವನ್ನು ಒಡೆದು ನೋಡಬೇಕೆಂಬ ಆಸೆ ಇತಿಹಾಸದ ಆಸೆಯಲ್ಲ, ಉಪಾಸನೆಯ ಆಸೆ. ಶಿರಾಕಾವಾ ಆ ಅರ್ಥದಲ್ಲಿ ಇಪ್ಪತ್ತನೆಯ ಶತಮಾನದ ನಿರುಕ್ತಕಾರರು. ಅಕ್ಷರವು ಮೊದಲು ದೇವತೆಯೊಡನೆ ಆಡಿದ ಮಾತಾಗಿತ್ತೆಂಬ ಅವರ ಮೂಲಶ್ರದ್ಧೆಗೆ ಆನ್ಯಾಂಗ್‌ನ ಎಲುಬುಗಳ ಬೆಂಬಲವೂ ಇದೆ. ಆ ಶ್ರದ್ಧೆಯನ್ನು ಒಂದೊಂದು ಚೌಕಕ್ಕೂ ಹಂಚಲು ಹೊರಟಲ್ಲಿ ಮಾತ್ರ ಬೆಂಬಲ ತೆಳುವಾಗುತ್ತದೆ.

1946ರಲ್ಲಿ ಜಪಾನಿನ ಸರ್ಕಾರ ದಿನಬಳಕೆಗೆ 1,850 ಅಕ್ಷರಗಳನ್ನು ಗೊತ್ತುಮಾಡಿ, ಅದರ ಹಿಂದುಮುಂದಿನ ವರ್ಷಗಳಲ್ಲಿ ಎಷ್ಟೋ ಅಕ್ಷರಗಳ ರೂಪವನ್ನು ಸರಳಗೊಳಿಸಿದಾಗ ಶಿರಾಕಾವಾ ಅವರಿಗೆ ಆದ ನೋವು ಒಂದು ಚುಕ್ಕೆಯ ಸಲುವಾಗಿ. ‘ನಾಯಿ’ ಮತ್ತು ‘ದೊಡ್ಡದು’ ಎಂಬ ಎರಡು ಅಕ್ಷರಗಳಿಗೆ ಇರುವ ವ್ಯತ್ಯಾಸ ಹೆಗಲಿನ ಬಳಿಯ ಒಂದು ಚುಕ್ಕೆ ಮಾತ್ರ. ‘ಪಾತ್ರೆ’, ‘ನಾತ’ ಎಂಬಂಥ ಅಕ್ಷರಗಳೊಳಗೆ ಒಂದೊಂದು ನಾಯಿ ಇತ್ತು. ಸುಧಾರಕರು ಚುಕ್ಕೆಯನ್ನು ಅಳಿಸಿದರು, ನಾಯಿಗಳೆಲ್ಲ ‘ದೊಡ್ಡದು’ ಆಗಿ ಹೋದುವು. ಶಾಂಗ್ ಕಾಲದ ಗೋರಿಗಳನ್ನು ಅಗೆದಾಗ ಶವದ ಸೊಂಟದ ಕೆಳಗಿನ ಗುಳಿಯಲ್ಲಿ ಬಲಿಕೊಟ್ಟ ನಾಯಿಯ ಎಲುಬುಗಳು ಸಿಕ್ಕಿವೆ. ಅಕ್ಷರಗಳಲ್ಲಿ ಇದ್ದವೂ ಆ ಬಲಿಯ ನಾಯಿಗಳೇ ಎಂಬುದು ಶಿರಾಕಾವಾ ಅವರ ಮತ. ವಿನೋದವೆಂದರೆ, 2010ರಲ್ಲಿ ಪಟ್ಟಿಯನ್ನು 2,136ಕ್ಕೆ ಏರಿಸಿದಾಗ ಹೊಸದಾಗಿ ಸೇರಿದ ‘ಮೂಸು’ ಎಂಬ ಅಕ್ಷರದಲ್ಲಿ ಚುಕ್ಕೆಯನ್ನು ಹಾಗೆಯೇ ಉಳಿಸಿಕೊಂಡರು. ಹೀಗಾಗಿ ಇಂದಿನ ಜಪಾನೀ ಬಾಲಕನು ‘ನಾತ’ದಲ್ಲಿ ನಾಯಿಯಿಲ್ಲದೆಯೂ ‘ಮೂಸು’ವುದರಲ್ಲಿ ನಾಯಿಯೊಡನೆಯೂ ಬರೆಯಬೇಕು, ಎರಡನ್ನೂ ಅವನು ಒಂದೇ ನಿರಾತಂಕದಿಂದ ಬರೆಯುತ್ತಾನೆ.

ಬೌದ್ಧಧರ್ಮ ಚೀನಕ್ಕೆ ಬಂದ ಕಾಲಕ್ಕೆ ಈ ಅಕ್ಷರಗಳಿಗೆ ಮರೆಯುವ ಅಭ್ಯಾಸ ಆಗಲೇ ಚೆನ್ನಾಗಿ ಬಲಿತಿತ್ತು. ಅದೇ ಅನುವಾದಕರಿಗೆ ಅನುಕೂಲವಾಯಿತು. ‘ಧ್ಯಾನ’ವನ್ನು ನುಡಿಸಲು ಅವರು ಹಿಡಿದ ಅಕ್ಷರ ಅದಕ್ಕೆ ಮುಂಚೆ ಸಾಮ್ರಾಟನು ಭೂದೇವತೆಗೆ ಸಲ್ಲಿಸುವ ಬಲಿಯ ಹೆಸರಾಗಿತ್ತು, ಅದೇ ಜಪಾನಿನಲ್ಲಿ ‘ಝೆನ್’ ಆಯಿತು. ಭಿಕ್ಷುಗಳ ಸಮುದಾಯವಾದ ‘ಸಂಘ’ದ ಮೊದಲಕ್ಷರಕ್ಕೆ ಮನುಷ್ಯನ ಅಂಗವನ್ನು ಸೇರಿಸಿ ಮಾಡಿದ ‘ಸೋ’ ಎಂಬುದು ಸವೆದು ಸವೆದು ಒಬ್ಬನೇ ಭಿಕ್ಷುವಿನ ಹೆಸರಾಗಿ ಉಳಿಯಿತು. ‘ಮಾರ’ನಿಗೆ ಮೊದಲು ಕಲ್ಲಿನ ಅಂಗವುಳ್ಳ ಅಕ್ಷರವನ್ನು ಬರೆಯುತ್ತಿದ್ದರೆಂದೂ ಆರನೆಯ ಶತಮಾನದ ಲಿಯಾಂಗ್ ವೂ ಎಂಬ ಧರ್ಮಿಷ್ಠ ಚಕ್ರವರ್ತಿ ಕಲ್ಲನ್ನು ತೆಗೆದು ಆ ಜಾಗದಲ್ಲಿ ಪಿಶಾಚಿಯನ್ನು ಕೂರಿಸಿದನೆಂದೂ ಪ್ರತೀತಿ ಇದೆ. ‘ಶೂನ್ಯ’ಕ್ಕೆ ಒದಗಿದ್ದು ಗುಹೆಯ ಅಂಗವುಳ್ಳ, ಆಕಾಶವೆಂದೂ ಟೊಳ್ಳೆಂದೂ ಅರ್ಥವಿದ್ದ ‘ಕೂ’. ಈ ಅಕ್ಷರದ ದೇಶ್ಯ ಓದು ‘ಕರ’. ಮೊದಲು ‘ಚೀನದ ಕೈ’ ಎಂದು ಬರೆಯುತ್ತಿದ್ದ ಕರಾಟೆಯನ್ನು ಫುನಾಕೋಶಿ ಗಿಚಿನ್ ಮೊದಲಾದವರು 1930ರ ದಶಕದಲ್ಲಿ ಅದೇ ಉಚ್ಚಾರಣೆಯನ್ನು ಉಳಿಸಿಕೊಂಡು ‘ಬರಿದಾದ ಕೈ’ ಎಂದು ಬರೆಯಲಾರಂಭಿಸಿದಾಗ, ಬರಿಗೈಯ ಕಾದಾಟಕ್ಕೆ ಶೂನ್ಯವಾದಿ ನಾಗಾರ್ಜುನನ ನೆರಳೂ ತುಸು ತಾಗಿದಂತಾಯಿತು.

ಜಪಾನಿನಲ್ಲಿ ಈ ಅಕ್ಷರಗಳಿಗೆ ಮತ್ತೊಂದು ಜನ್ಮ ಬಂದಿತು. ಚೀನೀ ನುಡಿಗೂ ಜಪಾನೀ ನುಡಿಗೂ ಕುಲಸಂಬಂಧವಿಲ್ಲ; ಆದುದರಿಂದ ಒಂದೇ ಅಕ್ಷರವನ್ನು ಚೀನದಿಂದ ಬಂದ ಧ್ವನಿಯಲ್ಲಿಯೂ ಓದಿದರು, ತಮ್ಮ ದೇಶ್ಯ ಶಬ್ದದಲ್ಲಿಯೂ ಓದಿದರು. ನೆಲದಿಂದ ಮೇಲೆದ್ದ ಮೊಳಕೆಯ ಚಿತ್ರವಾದ ‘ಜೀವ’ದ ಅಕ್ಷರ ಸಂದರ್ಭಕ್ಕೆ ತಕ್ಕಂತೆ ಸೇ, ಶೋ, ಇಕಿರು, ಉಮರೇರು, ಹಯೇರು, ನಾಮ ಎಂದು ಬದುಕು, ಹುಟ್ಟು, ಚಿಗುರು, ಹಸಿ ಎಲ್ಲವೂ ಆಗುತ್ತದೆ. ‘ಬುದ್ಧ’ನ ಅಕ್ಷರ ಗ್ರಂಥದಲ್ಲಿ ‘ಬುತ್ಸು’, ಮನೆಮಾತಿನಲ್ಲಿ ‘ಹೊತೊಕೆ’. ಮನೆಯಲ್ಲಿ ಯಾರಾದರೂ ಸತ್ತರೆ ಅವರನ್ನೂ ‘ಹೊತೊಕೆ’ ಎನ್ನುತ್ತಾರೆ. ಕೋಟಿ ಜನ್ಮಗಳ ಸಾಧನೆಯಿಂದ ದೊರೆಯತಕ್ಕ ಪದವಿ ಅಲ್ಲಿ ಸಾವಿನೊಡನೆ ಪ್ರತಿಯೊಬ್ಬ ಅಜ್ಜಿಗೂ ದೊರೆಯುತ್ತದೆ. ಇದರಲ್ಲಿ ಅಜ್ಞಾನವಿದೆಯೋ ಆಳವಾದ ಮಹಾಯಾನವಿದೆಯೋ ನಿರ್ಧರಿಸುವ ಗೋಜಿಗೆ ನಾನು ಹೋಗಲಾರೆ.

ಈ ಮರೆವಿನ ಪ್ರವಾಹಕ್ಕೆ ಅಡ್ಡಲಾಗಿ ನಿಂತವರಲ್ಲಿ ದೊಡ್ಡವನು ಕೂಕಾಯ್. 804ರಲ್ಲಿ ಚೀನಕ್ಕೆ ಹೋಗಿ, ಚಾಂಗ್‌ಆನ್ ನಗರದಲ್ಲಿ ಗಾಂಧಾರ ಕಾಶ್ಮೀರಗಳ ಕಡೆಯಿಂದ ಬಂದಿದ್ದ ಪ್ರಜ್ಞ ಎಂಬ ಭಿಕ್ಷುವಿನ ಬಳಿ ಸಂಸ್ಕೃತವನ್ನು ಕಲಿತು, 806ರಲ್ಲಿ ತಾಯ್ನಾಡಿಗೆ ಮರಳಿ, ಮುಂದೆ ಕೋಯಾ ಬೆಟ್ಟದ ಮೇಲೆ ಮಂತ್ರಯಾನದ ಪೀಠವನ್ನು ಕಟ್ಟಿದವನು ಈತ. ಧ್ವನಿ, ಅಕ್ಷರ, ಪರಮಾರ್ಥ ಇವುಗಳ ಸಂಬಂಧವನ್ನೇ ವಿಷಯವಾಗಿ ಹಿಡಿದು ‘ಶೋಜಿ ಜಿಸ್ಸೋ ಗಿ’ ಎಂಬ ಗ್ರಂಥವನ್ನು ಬರೆದನು. ಅಕ್ಷರವು ಸತ್ಯವನ್ನು ಬೆರಳೆತ್ತಿ ತೋರಿಸುವ ಕೈಮರವಲ್ಲ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತುಗಳೆಲ್ಲವೂ ಅಕ್ಷರಗಳು, ಮತ್ತು ಆ ಅಕ್ಷರಗಳೇ ಧರ್ಮಕಾಯನಾದ ಬುದ್ಧನ ಉಪದೇಶ ಎಂಬುದು ಅವನ ಸಿದ್ಧಾಂತದ ತಿರುಳು. ಅವನ ಪಂಥದಲ್ಲಿ ಪವಿತ್ರವಾದುದು ಕಾಂಜಿಗಿಂತ ಹೆಚ್ಚಾಗಿ ಸಿದ್ಧಂ ಲಿಪಿ, ಎಂದರೆ ನಮ್ಮ ಕನ್ನಡ ಲಿಪಿಗೂ ಮೂಲವಾದ ಬ್ರಾಹ್ಮಿಯ ಉತ್ತರದ ಒಂದು ಕವಲು. ಇಂದಿಗೂ ಜಪಾನಿನ ಸಮಾಧಿಗಳ ಹಿಂದೆ ನೆಡುವ ‘ಸೊತೋಬ’ ಎಂಬ ಮರದ ಹಲಗೆಯ ಮೇಲೆ ಪಂಚಭೂತಗಳ ಬೀಜಾಕ್ಷರಗಳಾದ ಖ, ಹ, ರ, ವ, ಅ ಎಂಬುವನ್ನು ಆ ಲಿಪಿಯಲ್ಲಿ ಬರೆಯುತ್ತಾರೆ. ‘ಸೊತೋಬ’ ಎಂಬುದು ನಮ್ಮ ‘ಸ್ತೂಪ’ವೇ. ಜಪಾನೀ ಮಕ್ಕಳು ತಮ್ಮ ಕಾನಾ ಲಿಪಿಯನ್ನು ಅ, ಇ, ಉ, ಎ, ಒ ಎಂದು ಮೊದಲಿಟ್ಟು ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳಲ್ಲಿ ಒಪ್ಪಿಸುವಾಗ ನಮ್ಮ ಕಿವಿಗೆ ಪರಿಚಯದ ದನಿ ಕೇಳಿಸುವುದೂ ಈ ಸಿದ್ಧಂ ವ್ಯಾಸಂಗದ ಫಲವಾಗಿಯೇ; ‘ಹ’ ಸಾಲು ಹಿಂದೆ ‘ಪ’ಕಾರವಾಗಿದ್ದುದರಿಂದ ಅದು ನಿಂತಿರುವ ಜಾಗವೂ ನಮ್ಮ ‘ಪ’ವರ್ಗದ ಜಾಗವೇ. ‘ಅಕ್ಷರ’ವೆಂಬ ನಮ್ಮ ಶಬ್ದದಲ್ಲಿ ಕ್ಷಯಿಸದಿರುವುದೆಂಬ ಅರ್ಥವಿದೆ. ಕೂಕಾಯ್ ಬೀಜಾಕ್ಷರವನ್ನು ಕಂಡದ್ದು ಆ ಕಣ್ಣಿನಿಂದ. ಕಾಂಜಿಯಾದರೋ ಕ್ಷಯಿಸುವುದರಿಂದಲೇ ಬದುಕಿಬಂದ ಅಕ್ಷರ.

ಅಕ್ಷರಗಳನ್ನು ನೆಚ್ಚಬೇಡಿರೆಂದು ಸಾರಿದ ಝೆನ್ ಗುರುಗಳೇ ಜಪಾನಿನ ಅತ್ಯುತ್ತಮ ಲಿಪಿಕಲೆಯನ್ನು ಬಿಟ್ಟುಹೋದರು. ಆ ವಿಪರ್ಯಾಸವನ್ನು ಬಹಳ ಜನ ಬರೆದಾಗಿದೆ. ನನ್ನ ಮನಸ್ಸು ಹೋಗಿ ನಿಲ್ಲುವುದು ಅವರಿಗಿಂತ ಬಡವರ ಬಳಿ. ಎದೊ ಕಾಲದಲ್ಲಿ, ಹೊನ್‌ಶೂ ದ್ವೀಪದ ಈಶಾನ್ಯದ ಚಳಿಸೀಮೆಯಾದ ನಾಂಬು ಸಂಸ್ಥಾನದಲ್ಲಿ, ಓದುಬಾರದ ರೈತರಿಗೆಂದು ಚಿತ್ರಗಳ ಪ್ರಜ್ಞಾಪಾರಮಿತಾಹೃದಯಸೂತ್ರವೊಂದು ತಯಾರಾಯಿತು. ತಾಯಾಮದ್ದೆಂದೂ ಮೊರಿಯೋಕದ್ದೆಂದೂ ಅದರ ಎರಡು ಪಾಠಗಳಿವೆ. ‘ಮಹಾಪ್ರಜ್ಞಾಪಾರಮಿತಾ’ ಎಂಬ ಸಂಸ್ಕೃತದ ಮಾತು ಚೀನೀ ಅಕ್ಷರಗಳ ಧ್ವನಿಯನ್ನು ಹೊಕ್ಕು ಜಪಾನೀ ಬಾಯಲ್ಲಿ ‘ಮಾಕಾ ಹನ್ಯಾ ಹರಮಿತಾ’ ಆಗಿತ್ತು. ಅನ್ನ ಬೇಯಿಸುವ ಕಬ್ಬಿಣದ ಗಡಿಗೆಗೆ ಅವರ ಮಾತಿನಲ್ಲಿ ‘ಕಾಮಾ’. ಚಿತ್ರದಲ್ಲಿ ಅದನ್ನು ಬೋರಲು ಹಾಕಿದರೆ ‘ಮಾಕಾ’. ಪ್ರಜ್ಞೆಯ ಹೆಸರನ್ನೇ ಹೊತ್ತ ‘ಹನ್ಯಾ’ ಎಂಬುದು ನೋ ನಾಟಕದಲ್ಲಿ ಮತ್ಸರದಿಂದ ಕೊಂಬು ಮೂಡಿದ ಹೆಂಗಸಿನ ಮುಖವಾಡ, ಅದನ್ನೇ ಬರೆದರು. ‘ಹರ’ ಎಂದರೆ ಹೊಟ್ಟೆ; ಒಂದು ಹೊಟ್ಟೆಯ ಚಿತ್ರ. ‘ಮಿ’ ಎಂದರೆ ಮೊರ, ‘ತ’ ಎಂದರೆ ಗದ್ದೆ. ಬೋರಲು ಗಡಿಗೆ, ರಾಕ್ಷಸಿಯ ಮುಖ, ಹೊಟ್ಟೆ, ಮೊರ, ಗದ್ದೆ ಎಂದು ಬೆರಳಿಟ್ಟುಕೊಂಡು, ಗದ್ದೆಯನ್ನು ನೋಡುತ್ತ ಗದ್ದೆಯನ್ನು ಮರೆತು, ಹೊಟ್ಟೆಯನ್ನು ನೋಡುತ್ತ ಹಸಿವನ್ನು ಬದಿಗಿಟ್ಟು, ಆ ರೈತನು ಸಂಜೆಯ ದೀಪದ ಮುಂದೆ ಸೂತ್ರವನ್ನು ಗಟ್ಟಿಯಾಗಿ ಓದಿರಬೇಕು. ಓದುತ್ತ ಹೋದಂತೆ ಆ ಸೂತ್ರದಲ್ಲಿ ಮತ್ತೆ ಮತ್ತೆ ಬರುವ ‘ಮು’ ಎಂಬಲ್ಲಿಗೂ ಬಂದಿರಬೇಕು.